ನಿಂಬೆಹಣ್ಣು ದಾಟುವಷ್ಟು ದೂರ

ನಿನ್ನೆ ಸಂಜೆ ಗಾಂಧಿ ಬಜಾರಿನಲ್ಲಿ ನಿಂಬೆಹಣ್ಣು ಕೊಂಡೆ. ಕಾರಿಗೆ ನಾಲ್ಕು ಚಕ್ರ, ಆದ್ದರಿಂದ ನಾಲ್ಕು ಹಣ್ಣು. ಇಷ್ಟು ಸುಲಭದ ಲೆಕ್ಕವನ್ನೂ ತಪ್ಪಿ ಐದು ಆರಿಸಿದ್ದೆ. ಮಾರುವ ಹೆಂಗಸು, "ಸ್ಟೆಪ್ನಿಗೂ ಒಂದಾ ಸಾರ್?" ಎಂದು ನಕ್ಕಳು. ಹೂವು, ಬಾಳೆಕಂದು, ಬೂದುಗುಂಬಳ ಎಲ್ಲವನ್ನೂ ಹೊತ್ತು ಮನೆಗೆ ಬಂದು ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಒಂದು ಹಣ್ಣು ದಾರಿಯಲ್ಲೇ ಅಪ್ಪಚ್ಚಿಯಾಗಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಜಯಕ್ಕ ನೆನಪಾದಳು.

ನೀವೂ ಗಮನಿಸಿರುತ್ತೀರಿ, ಆಯುಧಪೂಜೆ ಮುಗಿದ ಮೇಲೆ ನಮ್ಮ ಬೀದಿಗಳಿಗೆ ಒಂದು ವಾಸನೆ ಬರುತ್ತದೆ. ಚಕ್ರಕ್ಕೆ ಸಿಕ್ಕಿದ ನಿಂಬೆಹಣ್ಣು, ಒಡೆದ ಕುಂಬಳಕಾಯಿ, ಬಾಡಿದ ಚೆಂಡುಹೂವು ಎಲ್ಲ ಸೇರಿದ ವಾಸನೆ. ಅದರ ಮೇಲೆ ಜಾರಿಬಿದ್ದ ಸ್ಕೂಟರಿನವರ ಬೈಗುಳವೂ ಹಬ್ಬದ ಭಾಗವೇ. ಬೇರೆಯವರಿಗೆ ಅದು ಹಬ್ಬ ಮುಗಿದ ವಾಸನೆ. ನನಗೆ ಮಾತ್ರ ಅದು ನಮ್ಮ ಅಕ್ಕ ಗಾಡಿ ಓಡಿಸಿದ ವಾಸನೆ.

ಅಕ್ಕ ಗಾಡಿ ಓಡಿಸುತ್ತಿದ್ದಳು ಎಂದರೆ ನೀವು ಏನೇನೋ ಊಹಿಸಿಕೊಳ್ಳಬಾರದು. ಅವಳು ಓಡಿಸುತ್ತಿದ್ದದ್ದು ವರ್ಷಕ್ಕೊಮ್ಮೆ, ನಿಂಬೆಹಣ್ಣು ದಾಟುವಷ್ಟು ದೂರ.

ಭಾವನಿಗೆ ಚಾಮರಾಜಪೇಟೆಯಲ್ಲಿ ಪಾತ್ರೆ ಬಾಡಿಗೆಯ ಅಂಗಡಿಯಿತ್ತು. ಮದುವೆ, ಮುಂಜಿ, ತಿಥಿ ಯಾವುದಾದರೂ ಸರಿ, ಹಂಡೆ, ಕೊಪ್ಪರಿಗೆ, ಮಡಿಸುವ ಕುರ್ಚಿ, ಮನೆ ಮುಂದೆ ಹಾಕುವ ಶಾಮಿಯಾನ ಎಲ್ಲ ಅಲ್ಲಿಂದಲೇ ಹೋಗಬೇಕು. ಅವನ್ನೆಲ್ಲ ಸಾಗಿಸಲು ಒಂದು ಬಿಳಿ ವ್ಯಾನು. ಹಿಂದಿನ ಸೀಟುಗಳನ್ನು ಕಿತ್ತುಹಾಕಿ, ಕಿಟಕಿಗಳಿಗೆ ಅಕ್ಕನ ಹಳೆಯ ಸೀರೆಯ ಪರದೆ ಕಟ್ಟಿದ್ದರು. ನಮ್ಮ ಬಳಗದಲ್ಲಿ ಆ ವ್ಯಾನು ಹತ್ತದವರಿಲ್ಲ. ಬಾಣಂತಿಯರು ಅದರಲ್ಲಿ ಮನೆಗೆ ಬಂದರು, ಹೊಸ ಹೆಣ್ಣುಗಳು ಅದರಲ್ಲಿ ಗಂಡನ ಮನೆಗೆ ಹೋದರು. ನನ್ನ ಮದುವೆಯ ದಿನ ನಾನು ಕಚ್ಚೆ ಪಂಚೆಯಲ್ಲಿ, ಬೋರಲು ಹಾಕಿದ ಹಂಡೆಯ ಮೇಲೆ ಕುಳಿತು ಛತ್ರ ಸೇರಿದೆ. ಹಂಪ್ ಬಂದಾಗಲೆಲ್ಲ ಹಂಡೆ ಢಣ್ ಎನ್ನುತ್ತಿತ್ತು. ಮದುಮಗ ಬರುತ್ತಿದ್ದಾನೆಂದು ಓಲಗದವರಿಗಿಂತ ಮೊದಲು ಅದೇ ಸಾರಿತು.

ಭಾವ ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಎಂದವರಲ್ಲ. ಅಕ್ಕನಿಗೂ ಇಲ್ಲ ಎನ್ನಲಿಲ್ಲ, ಅದೇ ತೊಂದರೆಯಾಯಿತು.

"ನಂಗೂ ವ್ಯಾನ್ ಓಡ್ಸೋದು ಕಲಿಸ್ರೀ" ಎಂದು ಅವಳು ಕೇಳಿದಾಗಲೆಲ್ಲ, "ಕಲಿಸೋಣ ಬಿಡು ಜಯಾ, ಈ ಲಗ್ನದ ಸೀಸನ್ ಒಂದು ಮುಗೀಲಿ" ಎನ್ನುತ್ತಿದ್ದರು. ಲಗ್ನದ ಸೀಸನ್ ಮುಗಿದರೆ ಆಷಾಢ, ಆಷಾಢ ಮುಗಿದರೆ ಗಣೇಶನ ಪೆಂಡಾಲು. ಗಾಡಿಯ ವಿಷಯದಲ್ಲಿ ಅವರಿಗೆ ಒಂದು ಕಾಯಿಲೆಯಿತ್ತು: ತಮ್ಮ ಕ್ಲಚ್ಚನ್ನು ಬೇರೆಯವರು ಮುಟ್ಟಿದರೆ ಹಾಳಾಗುತ್ತದೆಂಬ ನಂಬಿಕೆ. ನಾನು ಒಮ್ಮೆ ಸ್ಟೇರಿಂಗಿನ ಮುಂದೆ ಕುಳಿತು ಹಾರ್ನ್ ಬಾರಿಸಿದ್ದಕ್ಕೆ, ಹಾರ್ನಿನ ದನಿ ಒಡೆಯಿತೆಂದು ವಾರಗಟ್ಟಲೆ ಹೇಳಿದರು.

ಆದರೆ ಆಯುಧಪೂಜೆಯ ದಿನ ಮಾತ್ರ ಪೂಜೆ, ಮಂಗಳಾರತಿ, ಕುಂಬಳಕಾಯಿ ಎಲ್ಲ ಆದಮೇಲೆ ಭಾವ ತಾವೇ ಎಡಗಡೆಯ ಸೀಟಿಗೆ ಸರಿದು, "ಬಾ ಜಯಾ" ಎನ್ನುತ್ತಿದ್ದರು. ಮನೆಯ ಹೆಂಗಸು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದರೆ ದೃಷ್ಟಿ ಬೇಗ ಕಳೆಯುತ್ತದಂತೆ. ಇದು ಯಾವ ಶಾಸ್ತ್ರದಲ್ಲಿದೆಯೋ ನಾನು ಕಾಣೆ. ಅವಳನ್ನು ಸಮಾಧಾನ ಮಾಡಲು ಭಾವನೇ ಕಟ್ಟಿದ ಶಾಸ್ತ್ರವಿರಬೇಕು. ಅಕ್ಕ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೆಳಗೆ ಬಿಟ್ಟು, ಬರಿಗಾಲಿನಲ್ಲಿ ಹತ್ತುವಳು. ಬೀದಿಯೇ ನಿಂತು ನೋಡುವುದು.

"ಕ್ಲಚ್ ಒತ್ತು. ಪೂರ್ತಿ. ಈಗ ಫಸ್ಟ್ ಗೇರು. ಬಿಡು... ಬಿಡು... ನಿಧಾನ... ಸಾಕು, ಬ್ರೇಕ್!"

ಪಚಕ್ಕೆಂದು ಹಣ್ಣು ಒಡೆಯುತ್ತಿದ್ದವು. ಅಷ್ಟೇ, ಆ ವರ್ಷದ ಡ್ರೈವಿಂಗ್ ಮುಗಿಯಿತು. ಭಾವ ಇಳಿದು ಚಕ್ರ ನೋಡಿ, "ನೋಡು, ಕ್ಲಚ್ಚೇ ಎಲ್ಲಾ. ಕ್ಲಚ್ ಬಂತು ಅಂದ್ರೆ ಗಾಡಿ ಬಂದ ಹಾಗೇನೇ" ಎನ್ನುವರು. ಅಕ್ಕ ಅದನ್ನು ನಂಬಿದ್ದಳು. ಸ್ಟೂಲಿನ ಮೇಲೆ ಕುಳಿತು ಸೊಪ್ಪು ಬಿಡಿಸುವಾಗ ಅವಳ ಎಡಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತಿ, ನಿಧಾನವಾಗಿ ಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮುಂದಿನ ಆಯುಧಪೂಜೆಗೆ ತಾಲೀಮು.

ಒಂದು ವರ್ಷ ಮಾತ್ರ ಭಾವ ಬ್ರೇಕ್ ಎಂದರೂ ಅವಳು ಒತ್ತಲಿಲ್ಲ. ವ್ಯಾನು ನಿಂಬೆಹಣ್ಣು ದಾಟಿ, ಎದುರುಮನೆ ರಂಗೋಲಿ ದಾಟಿ, ಹಾಲಿನ ಬೂತಿನವರೆಗೂ ತೆವಳಿಕೊಂಡು ಹೋಯಿತು. ಭಾವ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರು. ಬೈಯಲಿಲ್ಲ, ನಕ್ಕರು. ಅಕ್ಕ ಇಳಿದಾಗ ಮುಖ ಕೆಂಪಾಗಿತ್ತು. ಹಬ್ಬದ ಊಟಕ್ಕೆ ಕುಳಿತವರಿಗೆಲ್ಲ, "ಬೂತ್‌ವರೆಗೂ ಹೋಗಿದ್ದೆ" ಎಂದು ಹೋಳಿಗೆಗಿಂತ ಮೊದಲು ಅದನ್ನೇ ಬಡಿಸಿದಳು.

ಹೋದ ವರ್ಷ ಬೇಸಿಗೆಯಲ್ಲಿ ಭಾವ ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಮಕ್ಕಳಿಲ್ಲದ ಮನೆ. ಪಾತ್ರೆಗಳನ್ನು ಇನ್ನೊಬ್ಬ ಅಂಗಡಿಯವರಿಗೆ ಕೊಟ್ಟದ್ದಾಯಿತು. ವ್ಯಾನು ಮಾತ್ರ ಮನೆಯ ಮುಂದೆಯೇ ನಿಂತಿತು. ಬ್ಯಾಟರಿ ಸತ್ತುಹೋಗಿತ್ತು, ಅದನ್ನು ಬಿಚ್ಚಿ ಹಾಕಿದೆವು. ಒಳಗೆ ಒಂದಷ್ಟು ಶಾಮಿಯಾನದ ಬಟ್ಟೆ ಹಾಗೇ ಉಳಿದಿತ್ತು. ಮಾರಿಬಿಡು ಎಂದರೆ ಅಕ್ಕ, "ಇರ್ಲಿ ಬಿಡೋ, ಅನ್ನ ಕೇಳುತ್ತಾ ಅದು?" ಎನ್ನುತ್ತಿದ್ದಳು.

ಆಮೇಲೆ ಆಯುಧಪೂಜೆ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಇಡೀ ಬೀದಿಯ ಗಾಡಿಗಳು ಬಾಳೆಕಂದು ಕಟ್ಟಿಸಿಕೊಂಡು ಮದುವಣಿಗರ ಹಾಗೆ ನಿಂತಿರುವಾಗ ಭಾವನ ವ್ಯಾನಿಗೆ ಒಂದು ಎಳೆ ಹೂವಿಲ್ಲ. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಬೀದಿಯಲ್ಲಿ ನಿಂತು ಆರತಿ ಎತ್ತಿದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ದೀಪ ಹಚ್ಚುವ ಹೊತ್ತಿನಲ್ಲಿ ಯಾರಿಗೂ ಕಾಣದಂತೆ ವ್ಯಾನಿನೊಳಗೆ ಹತ್ತಿ, ಬಾಗಿಲು ಹಾಕಿಕೊಂಡು, ಪರದೆ ಎಳೆದು, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಗೆ ಒಂದು ಹಣತೆ ಹಚ್ಚಿಟ್ಟಳು. ಸ್ವಲ್ಪ ಹೊತ್ತು ಡ್ರೈವರ್ ಸೀಟಿನಲ್ಲಿ ಕುಳಿತಿದ್ದಳಂತೆ. ಹಾಲು ಒಲೆಯ ಮೇಲಿಟ್ಟದ್ದು ನೆನಪಾಗಿ ಮನೆಯೊಳಗೆ ಓಡಿದಳು. ದೀಪದ ಕುಡಿ ಗಣಪತಿಯ ಪ್ಲಾಸ್ಟಿಕ್ ಹಾರಕ್ಕೆ ಹತ್ತಿತು. ಹಾರದಿಂದ ಪರದೆಗೆ, ಪರದೆಯಿಂದ ಶಾಮಿಯಾನಕ್ಕೆ. ಬೀದಿಯವರು ಬಿಂದಿಗೆ ಬಿಂದಿಗೆ ನೀರು ಎರಚಿದರು. ಫೈರ್ ಇಂಜಿನ್ ಬರುವ ವೇಳೆಗೆ ಉಳಿದದ್ದು ಕಪ್ಪು ತಗಡು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಇಷ್ಟು ವರ್ಷ ಅವಳು ಎಲ್ಲರೆದುರು ಓಡಿಸಿದ್ದ ಗಾಡಿಯನ್ನು, ಕದ್ದು ಪೂಜೆ ಮಾಡಬೇಕಾಗಿ ಬಂತಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ. ಬಯಲಿನಲ್ಲಿ ಹಚ್ಚಿದ್ದರೆ ಆ ದೀಪ ಗಾಳಿಗೆ ಆರಿಹೋಗುತ್ತಿತ್ತು, ಅಷ್ಟೆ.

ಪೊಲೀಸ್ ಠಾಣೆಗೆ ನಾನೇ ಕರೆದುಕೊಂಡು ಹೋದೆ. ಬರೆದುಕೊಳ್ಳುತ್ತಿದ್ದವರು ಅಕ್ಕನ ವಯಸ್ಸು ನೋಡಿ ಕನಿಕರದಿಂದ, "ಶಾರ್ಟ್ ಸರ್ಕ್ಯೂಟ್ ಅಂತ ಬರ್ಕೊಳ್ಳೋಣ್ವಾಮ್ಮ?" ಎಂದರು.

"ಅದ್ರಲ್ಲಿ ಬ್ಯಾಟರೀನೇ ಇರ್ಲಿಲ್ಲ ಸಾರ್. ನಾನೇ ದೀಪ ಹಚ್ಚಿಟ್ಟಿದ್ದೆ."

ಅವರು ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಕೊನೆಗೆ ಅಕ್ಕ ಹೇಳಿದ್ದನ್ನೇ ಬರೆದುಕೊಂಡು, ಆಕಸ್ಮಿಕವೆಂದು ಸೇರಿಸಿದರು.

ಗುಜರಿಯವನು ವ್ಯಾನನ್ನು ಮುಟ್ಟಲೊಲ್ಲ. ನೋಂದಣಿ ರದ್ದಾದ ಕಾಗದ ತನ್ನಿ ಎಂದ. ಸರ್ಕಾರಿ ಕಚೇರಿಯಲ್ಲಿ ಕೂದಲು ಬೆಳ್ಳಗಾಗುವವರೆಗೆ ಫೈಲು ತಳ್ಳಿದ ನನಗೆ ಇದೆಲ್ಲ ಯಾವ ಲೆಕ್ಕ? "ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದ್ಬಿಡೋಣ ಬಾ" ಎಂದು ಅಕ್ಕನನ್ನು ಆರ್‌ಟಿಒಗೆ ಹೊರಡಿಸಿದೆ. ಆ ಊಟಕ್ಕೆ ನಾವು ಕುಳಿತದ್ದು ಯುಗಾದಿ ಹತ್ತಿರ ಬಂದಾಗ ಎಂದರೆ ತಪ್ಪಾಗಲಾರದು.

ಕೌಂಟರಿನಲ್ಲಿದ್ದ ಹುಡುಗಿ ಕಾಗದಗಳನ್ನು ತಿರುವಿಹಾಕಿ, "ಗಾಡಿ ಅಂಕಲ್ ಹೆಸರಲ್ಲೇ ಇದೆ. ತೀರ್ಕೊಂಡವರು ಕ್ಯಾನ್ಸಲ್‌ಗೆ ಅರ್ಜಿ ಕೊಡೋಕಾಗಲ್ವಲ್ಲ ಸಾರ್. ಮೊದ್ಲು ಅಮ್ಮನ ಹೆಸರಿಗೆ ಮಾಡಿಸ್ಕೊಳ್ಳಿ. ಆಮೇಲೆ ಅಮ್ಮನೇ ಕ್ಯಾನ್ಸಲ್ ಮಾಡಿಸ್ಲಿ" ಎಂದಳು.

"ಸುಟ್ಟುಹೋಗಿರೋ ಗಾಡಿ ಕಣಮ್ಮ" ಎಂದೆ.

"ಸುಟ್ಟಿರೋದು ಗಾಡಿ ಸಾರ್. ರಿಜಿಸ್ಟ್ರೇಷನ್ ಚೆನ್ನಾಗೇ ಇದೆ."

ಸ್ವಲ್ಪ ದಿನ ಹಿಂದೆ ನಾನೂ ಕೌಂಟರಿನ ಆ ಕಡೆ ಕುಳಿತು ಇಂಥ ಮಾತನ್ನೇ ಆಡುತ್ತಿದ್ದೆ. ಈ ಕಡೆ ನಿಂತು ಕೇಳಿದಾಗ ಅದರ ರುಚಿಯೇ ಬೇರೆ. ನಾನು ಸಿಡುಕುತ್ತಿದ್ದರೆ ಅಕ್ಕ ನನ್ನ ತೋಳು ಹಿಡಿದು, "ನನ್ನ ಹೆಸರಿಗಾ?" ಎಂದು ಹುಡುಗಿಯನ್ನು ಕೇಳಿದಳು. ಅವಳ ದನಿ ಬದಲಾಗಿತ್ತು.

"ಹೌದಮ್ಮ, ನೀವೇ ಓನರ್ ಆಗ್ತೀರ. ಡ್ರೈವಿಂಗ್ ಬರುತ್ತಾ ನಿಮಗೆ?" ಹುಡುಗಿ ಸುಮ್ಮನೆ ಮಾತಿಗೆ ಕೇಳಿದ್ದು.

ಅಕ್ಕ ಯೋಚಿಸಿ ಹೇಳಿದಳು: "ಸ್ವಲ್ಪ ಬರುತ್ತಮ್ಮ. ಮುಂದಕ್ಕೆ ಮಾತ್ರ."

ಭಾವನ ಮರಣ ಪತ್ರ, ಅಫಿಡವಿಟ್ಟು, ಅದು ಇದು ಎಲ್ಲ ಆಗಿ, ಒಂದು ದಿನ ಅಂಚೆಯಲ್ಲಿ ಕಾರ್ಡು ಬಂತು. ವ್ಯಾನಿನ ನಂಬರು, ಅದರ ಕೆಳಗೆ ಜಯಮ್ಮ ಎಂದು ಹೆಸರು. ಅಕ್ಕ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆಮೇಲೆ ಒರೆಸಿ ಪರ್ಸಿನಲ್ಲಿಟ್ಟುಕೊಂಡಳು. ತರಕಾರಿ ಅಂಗಡಿಯಲ್ಲಿ ಚಿಲ್ಲರೆ ತೆಗೆಯುವಾಗ ಅದೂ ಹೊರಗೆ ಬರುತ್ತಿತ್ತು. ಯಾರಾದರೂ ಏನದು ಎಂದರೆ, "ಗಾಡೀದು" ಎನ್ನುತ್ತಿದ್ದಳು. ಮನೆ ಮುಂದೆ ಆ ಗಾಡಿ ಕರಕಲಾಗಿ ನಿಂತಿತ್ತು, ಬೆಕ್ಕೊಂದು ಅದರೊಳಗೆ ಮರಿ ಹಾಕಿತ್ತು. "ಇವ್ರು ಇದ್ದಾಗ ಒಂದು ದಿನ ಕೇಳ್ಬೇಕಿತ್ತು ಕಣೋ, ನನ್ನ ಹೆಸರಿಗೆ ಮಾಡ್ರೀ ಅಂತ" ಎಂದು ಒಮ್ಮೆ ಅಂದಳು. "ಮಾಡಿರೋರು. ಅದ್ಕೇನೂ ಇಲ್ಲ ಅಂತಿರ್ಲಿಲ್ಲ." ಆ ಕ್ಷಣಕ್ಕೆ ನನಗೆ ಭಾವನ ಮೇಲೆ, ಅಷ್ಟು ಒಳ್ಳೆಯವರ ಮೇಲೆ, ಸಿಟ್ಟು ಬಂತು. ಇಲ್ಲ ಎಂದು ಖಂಡಿತವಾಗಿ ಹೇಳಿದ್ದರೆ ಅವಳು ಜಗಳವಾಡಿ ಎಲ್ಲಾದರೂ ಹೋಗಿ ಕಲಿತಾದರೂ ಕಲಿಯುತ್ತಿದ್ದಳು.

ನಾನು ರದ್ದತಿಗೆ ಹೊರಡೋಣವೆಂದರೆ ಇವತ್ತು ಮಂಗಳವಾರ, ನಾಳೆ ಅಮಾವಾಸ್ಯೆ ಎಂದು ಮುಂದೂಡಿದಳು. ಭಾವನ ಲಗ್ನದ ಸೀಸನ್ನು ಈಗ ಅವಳಿಗೆ ಬಂದಿತ್ತು. ಕೊನೆಗೆ ಬೀದಿಯವರೇ, ಮಕ್ಕಳು ಆಡುವ ಜಾಗ, ತುಕ್ಕು ತಗಡು ಕೊಯ್ದೀತು ಎಂದು ಮೆಲ್ಲಗೆ ಹೇಳಿದ ಮೇಲೆ ಒಪ್ಪಿದಳು. ಇನ್ಸ್‌ಪೆಕ್ಟರ್ ಬಂದು ನೋಡಿಹೋದರು. ಚಾಸಿ ನಂಬರು ಕೊರೆದಿದ್ದ ಕಬ್ಬಿಣದ ತುಂಡನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ, ಕಾರ್ಡಿನ ಜೊತೆ ಕಚೇರಿಗೆ ಒಪ್ಪಿಸಬೇಕು. ಆ ತುಂಡನ್ನು ಅಕ್ಕ ತೊಳೆದು, ಹೊಸ ರವಿಕೆ ಕಣದಲ್ಲಿ ಸುತ್ತಿ ತಂದಿದ್ದಳು. ಹುಡುಗಿ ಕಣವನ್ನು ಬಿಚ್ಚಿ, ಮಡಿಸಿ, ಅಕ್ಕನಿಗೇ ವಾಪಸು ಕೊಟ್ಟಳು.

"ಈ ಕಾರ್ಡೊಂದು ಇಟ್ಕೊಳ್ಳೋಕಾಗಲ್ವಾ ತಾಯಿ?"

"ಆಗಲ್ಲಮ್ಮ, ಸರೆಂಡರ್ ಮಾಡ್ಲೇಬೇಕು. ಬೇಕಾದ್ರೆ ಫೋಟೋ ತೆಕ್ಕೊಳ್ಳಿ."

ಅಕ್ಕನ ಫೋನಿನಲ್ಲಿ ಆ ಫೋಟೋ ಈಗಲೂ ಇದೆ. ಸ್ವಲ್ಪ ಮಸುಕಾಗಿ ಬಂದಿದೆ, ಆದರೆ ಹೆಸರು ಓದಬಹುದು.

ಇವತ್ತು ಬೆಳಿಗ್ಗೆ ಅವಳನ್ನು ನಮ್ಮ ಮನೆಗೆ ಕರೆಸಿದ್ದೆ. ವರ್ಷ ತುಂಬಿದೆ, ಹಬ್ಬಕ್ಕೆ ಅಡ್ಡಿಯಿಲ್ಲ. ಹೋದ ತಿಂಗಳು ನಾನೊಂದು ಕಾರು ಕೊಂಡೆ. ಮೊಣಕಾಲಿನ ನೋವಿಗೆ ಗೇರು ಬದಲಿಸುವ ರಗಳೆ ಇಲ್ಲದ್ದೇ ವಾಸಿ ಎಂದು ಡಾಕ್ಟರು, ಹೆಂಡತಿ, ಅಂಗಡಿಯವನು ಮೂವರೂ ಹೇಳಿದ್ದರು. ಪೂಜೆ ಆಯಿತು, ಕುಂಬಳಕಾಯಿ ಒಡೆದೆ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟೆ. ಬಾಗಿಲು ತೆಗೆದು ಹಿಡಿದು, "ಬಾ ಅಕ್ಕ, ನೀನೇ ಹತ್ತಿಸು" ಎಂದೆ. ನಿನ್ನೆಯಿಂದ ಈ ಒಂದು ಮಾತಿಗಾಗಿ ಕಾದು, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಅವಳು ಬೇಡ ಬೇಡ ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡಳು. ಚಪ್ಪಲಿ ಕೆಳಗೆ ಬಿಟ್ಟಳು. ಹತ್ತಿ ಕುಳಿತು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಎಡಗಾಲು ಚಾಚಿದಳು. ಕಾಲು ಚಾಪೆಗೆ ತಗುಲಿತು. ಎಡಕ್ಕೆ ಸರಿಸಿ ಒತ್ತಿ ನೋಡಿದಳು, ಬಲಕ್ಕೆ ಸರಿಸಿ ನೋಡಿದಳು.

"ಕ್ಲಚ್ ಎಲ್ಲೋ?"

"ಇದ್ರಲ್ಲಿ ಕ್ಲಚ್ ಇರಲ್ಲ ಅಕ್ಕ. ಎಡಗಾಲಿಗೆ ಕೆಲ್ಸಾನೇ ಇಲ್ಲ. ಬ್ರೇಕ್ ಬಿಟ್ರೆ ಅದೇ ಹೋಗುತ್ತೆ."

ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ನಂಗೆ ಬರೋದು ಅದೊಂದೇ ಕಣೋ" ಎಂದಳು.

ಇಳಿದು ಚಪ್ಪಲಿ ಮೆಟ್ಟಿಕೊಂಡಳು. ನಾನು ಬಲವಂತ ಮಾಡಲಿಲ್ಲ, ಮಾಡುವ ಮುಖವೂ ನನಗಿರಲಿಲ್ಲ. ಹತ್ತಿ ಕುಳಿತೆ. ಅಕ್ಕ ಎಡಗಡೆಯ ಕಿಟಕಿಯ ಬಳಿ ಬಂದು ನಿಂತು, ಬಗ್ಗಿ ಚಕ್ರ ನೋಡುತ್ತ ಕೈಯಾಡಿಸಿದಳು.

"ಬಿಡು... ಬಿಡು... ನಿಧಾನ..."

ಹಣ್ಣು ಒಡೆದವು. ವಾಸನೆ ಒಳಗೆ ಬಂತು.

"ಸಾಕು" ಎಂದಳು ಅಕ್ಕ. ನಾನು ಬ್ರೇಕ್ ಒತ್ತಿದೆ.