ಎಲ್ಲರಿಗೂ ಅದೇ ಸ್ಟೂಲು

ಎಂಬತ್ತರ ದಶಕದಲ್ಲಿ ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಪೋಲಿಯೊದಿಂದ ಬಲಗಾಲು ಸೊರಗಿದ್ದ ನನಗೆ ಅಲ್ಲಿಯ ವಾರ್ಷಿಕ ಕ್ರೀಡಾಕೂಟವೆಂದರೆ ನೆರಳಲ್ಲಿ ಕೂತು ಬೇಸರ ಕಳೆಯುವ ದಿನ. ಒಂದು ವರ್ಷ ಏರ್ ರೈಫಲ್ ಸ್ಪರ್ಧೆ ಸೇರಿಸಿದರು. ಗೇಟು ಕಾಯುತ್ತಿದ್ದ ಹಿರಿಯರೊಬ್ಬರು, ಸೈನ್ಯದಿಂದ ನಿವೃತ್ತರಾದ ಕೃಷ್ಣಗಿರಿ ಕಡೆಯವರು, ಊಟದ ಬಿಡುವಿನಲ್ಲಿ ಹಿಂದಿನ ಗೋಡೆಯ ಬಳಿ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದರು. ನಾನೂ ಹೋದೆ. ಊರುಗೋಲು ಬಿಟ್ಟರೆ ನಿಲ್ಲಲಾರೆ, ಹಿಡಿದರೆ ಬಂದೂಕಿಗೆ ಕೈ ಸಾಲದು. ಅವರು ಒಂದು ಸ್ಟೂಲು ತಂದಿಟ್ಟರು. ತಿಂಗಳೊಳಗೆ ನನ್ನ ಗುಂಡುಗಳು ಕಪ್ಪು ವೃತ್ತದೊಳಗೆ ಬೀಳತೊಡಗಿದವು.

ಸ್ಪರ್ಧೆಗೆ ಹೆಸರು ಕೊಟ್ಟಾಗ ತಕರಾರು ಎತ್ತಿದವನು ನನ್ನ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಿದ್ದ ಅಂಚೆಟ್ಟಿ ಕಡೆಯವನು.

"ಬೇಜಾರು ಮಾಡ್ಕಬ್ಯಾಡಕ್ಕ. ಕೂತ್ಕಂಡ್ರೆ ಮೈ ಅಲ್ಲಾಡಲ್ಲ. ನಾವೆಲ್ಲ ನಿಂತ್ಕಂಡು ಹೊಡೀಬೇಕು. ಇದು ಸರಿಸಮ ಆಯ್ತದಾ?"

ಅವನು ಕೆಟ್ಟವನಲ್ಲ. ಮಳೆ ಬಂದರೆ ನನ್ನ ಚೀಲವನ್ನು ಬಸ್ಸಿನವರೆಗೂ ತಂದುಕೊಡುತ್ತಿದ್ದ. ಸಮಿತಿಯವರು ನನ್ನನ್ನು ಮೂರು ಸಲ ಕರೆಸಿದರು. ಮೂರು ಸಲವೂ ಕಾಲು ತೋರಿಸಿ ಅದೇ ಕತೆ ಹೇಳಿದೆ. ಕೊನೆಗೆ, ನನ್ನ ಅಂಕದಲ್ಲಿ ಒಂದಿಷ್ಟು ಕಳೆದು ಆಡಿಸೋಣ ಎಂದರು. ಎಷ್ಟು ಕಳೆಯಬೇಕೆಂದು ಯಾರಿಗೂ ತಿಳಿಯದು.

ನನಗೂ ಅನುಮಾನ ಹತ್ತಿತು. ಮರುದಿನ ಅವನನ್ನೇ ಸ್ಟೂಲಿನ ಮೇಲೆ ಕೂರಿಸಿ ಹೊಡೆಯಲು ಹೇಳಿದೆ. ನಿಂತು ಹೊಡೆದದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೊಡೆದ.

"ನೀನ್ ಹೇಳಿದ್ದು ಸರಿ ಕಣಪ್ಪ," ಎಂದೆ.

ಅವನು ಬಂದೂಕನ್ನು ಗೋಡೆಗೆ ಒರಗಿಸಿದ. "ನಿನ್ನ ನಿಲ್ಸಾಕಾಗಲ್ಲ. ನಾವೇ ಕೂತ್ಕಂಡ್ರಾಯ್ತು ಬಿಡಕ್ಕ," ಎಂದ.

ಹಿರಿಯರು ಸಮಿತಿಯನ್ನು ಅದಕ್ಕೇ ಒಪ್ಪಿಸಿದರು. ಎಲ್ಲರೂ ಅದೇ ಸ್ಟೂಲಿನ ಮೇಲೆ ಕೂತು ಹೊಡೆದರು. ನಾನು ಐದನೆಯವಳಾದೆ. ಕನಿಕರಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಜೆ ಆಲಸನತ್ತಂನಲ್ಲಿದ್ದ ನನ್ನ ಮನೆಗೆ ಬಂದಾಗ, ಸೋತಿದ್ದರೂ, ಮನಸ್ಸು ಹಗುರವಾಗಿತ್ತು.

ಮುಂದಿನ ವರ್ಷಕ್ಕೆ ಹಿರಿಯರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಸಮಿತಿಯೂ ಬದಲಾಗಿತ್ತು. ನೋಟೀಸಿನಲ್ಲಿ ಮತ್ತೆ ನಿಂತೇ ಹೊಡೆಯಬೇಕೆಂದಿತ್ತು.

"ಬಾರಕ್ಕ, ಕೇಳಾನ. ನಾನೂ ಬತ್ತೀನಿ," ಎಂದ ಅವನು.

ಹೊಸ ಮುಖಗಳ ಮುಂದೆ ಮೊದಲಿನಿಂದ ಎಲ್ಲ ಹೇಳಬೇಕಲ್ಲ ಎಂದು ನೆನೆದೇ ದಣಿದೆ. "ನಂಗೆ ಸಾಕಾಗೈತೆ ಕಣಪ್ಪ," ಎಂದೆ.

ಅವನೊಬ್ಬನೇ ಹೋಗಿ ಬಂದ. ತೊಂದರೆ ಇರುವವರೇ ಬಂದು ಕೇಳಬೇಕಂತೆ. ನಾನು ಹೋಗಲಿಲ್ಲ.