ಫಲಕದ ಕೆಳಗೆ ಬೆರಳಗಲ ಜಾಗ

ಅಳಿಯನಿಗೆ ನಲವತ್ತಾರು ವಯಸ್ಸು. ಸೋದರಮಾವನ ಎದುರು ಮಂಡಿ ಮಡಚಿ ಕೂತು ಅಕ್ಷರ ತಿದ್ದಲು ಶುರುಮಾಡಿ ಇಪ್ಪತ್ತೆರಡು ವರ್ಷ. ಪ್ರವಾದಿಯವರ ರೂಪ, ಗುಣಗಳನ್ನು ಚಿತ್ರವಿಲ್ಲದೆ ಬರೀ ಅರಬ್ಬಿ ಅಕ್ಷರಗಳಲ್ಲಿ ವರ್ಣಿಸುವ ಫಲಕ ಬರೆಯುವುದು ಆ ಮನೆಯ ಕಸುಬು. ನಡುವಿನ ವೃತ್ತದಲ್ಲಿ ವರ್ಣನೆ. ಎಲ್ಲಕ್ಕಿಂತ ಕೆಳಗೆ ಬೆರಳಗಲದ ಖಾಲಿ ಜಾಗ. 'ಇನ್ನು ಇವನು ತನ್ನ ಹೆಸರು ಹಾಕಬಹುದು' ಎಂದು ಗುರು ಅಲ್ಲಿ ಬರೆದುಕೊಡುವ ತನಕ ಶಿಷ್ಯ ಎಷ್ಟು ಬರೆದರೂ ಹೆಸರಿಲ್ಲದವನೇ.

ಪ್ರವಾದಿಯವರನ್ನು ಮೊದಲ ಸಲ ಕಂಡವರು ಬೆರಗಾಗುತ್ತಿದ್ದರು, ಒಡನಾಡಿದವರು ಪ್ರೀತಿಸುತ್ತಿದ್ದರು ಎಂದು ಫಲಕದಲ್ಲಿದೆ. ಮಾವ ಅದನ್ನು ಸಾವಿರ ಸಲ ಬರೆದಿದ್ದರು. ಓದಿದ ಹಾಗೆ ಮಾತ್ರ ಕಾಣುತ್ತಿರಲಿಲ್ಲ.

ಕಲಾಶಾಲೆಯಲ್ಲಿ ಮೇಷ್ಟರ ಕೆಲಸವೊಂದು ಖಾಲಿಯಿತ್ತು. ಗುರುವಿನ ಅಪ್ಪಣೆಯಿರುವ ಫಲಕ ತರಬೇಕು, ಸೋಮವಾರ ಕಡೇ ದಿನ. ಶನಿವಾರ ಮಧ್ಯಾಹ್ನ ಅಳಿಯ ಫಲಕ ಹಿಡಿದು ಬಂದ. ಸಾಕ್ಷಿಗೆಂದು ಪಕ್ಕದ ಬೀದಿಯ ಚೌಕಟ್ಟು ಕಟ್ಟುವವನೂ ಬಂದು ಕೂತ.

ಮಾವ ಭೂತಗನ್ನಡಿ ಹಿಡಿದು, ಎರಡು ಲೋಟ ಚಹಾ ಮುಗಿಯುವವರೆಗೆ ತಪ್ಪು ಹುಡುಕಿದರು. ಸಿಗಲಿಲ್ಲ. ಅವರಿಗೆ ನಿಜಕ್ಕೂ ಬೇಜಾರಾಯಿತು.

"ನನ್ನ ಹತ್ರ ಕತ್ತೆ ಕಲಿತಿದ್ರೂ ಇಷ್ಟು ಬರೀತಿತ್ತು," ಎಂದು ಹರಸಿ, ಲೇಖನಿ ಅದ್ದಿ, ಅಪ್ಪಣೆ ಬರೆದೇಬಿಟ್ಟರು. ಅಳಿಯನ ಕಣ್ಣು ತುಂಬಿತು.

ಚೌಕಟ್ಟಿನವನಿಗೆ ಸುಮ್ಮನಿರಲಾಗಲಿಲ್ಲ. "ಉಸ್ತಾದ್, ನಿಜ ಹೇಳ್ಲಾ? ನಿಮಗಿಂತ ಇವನದೇ ಒಂದು ಕೈ ಮೇಲು."

ಮಾವ ನಕ್ಕರು. ಆ ನಗುವಿನ ಪರಿಚಯ ಅಳಿಯನಿಗಿತ್ತು.

ಈ ಕಾಗದಕ್ಕೆ ಮೊಟ್ಟೆಯ ಬಿಳಿ ಸವರಿ, ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಮಸಿ ಒಳಗಿಳಿಯದೆ ಮೇಲೇ ಕೂರುತ್ತದೆ. ತಪ್ಪಾದರೆ ಒದ್ದೆ ಬೆರಳಲ್ಲಿ ಒರೆಸಬಹುದು. ಮಾವ ಹೆಬ್ಬೆರಳು ನೆಕ್ಕಿ, ಅಪ್ಪಣೆಯ ಸಾಲನ್ನು ಬಲದಿಂದ ಎಡಕ್ಕೆ, ಬರೆದ ಕ್ರಮದಲ್ಲೇ ಒರೆಸಿದರು. ಮೇಲಿನ ಪವಿತ್ರ ಸಾಲುಗಳಿಗೆ ಬೆರಳು ತಾಗದಂತೆ ಜಾಗ್ರತೆ ವಹಿಸಿದರು; ಭಕ್ತಿಗೇನೂ ಅವರಲ್ಲಿ ಕೊರತೆಯಿರಲಿಲ್ಲ.

"ಮಾವ..."

"ನನ್ನನ್ನೇ ಮೀರಿಸಿದವನಿಗೆ ಅಪ್ಪಣೆ ಕೊಡೋಕೆ ನಾನ್ಯಾವ ದೊಡ್ಡ ಮನುಷ್ಯ, ಹೇಳಪ್ಪ?"

"ಅಯ್ಯೋ, ನಾನು ತಮಾಷೆಗೆ ಅಂದೆ," ಎಂದ ಚೌಕಟ್ಟಿನವನು ಖಾಲಿ ಲೋಟದೊಳಗೆ ಇಣುಕುತ್ತ.

"ಸೋಮವಾರ ಕಡೇ ದಿನ, ಮಾವ."

"ಒಳ್ಳೇದಾಯ್ತು. ಸೋಮವಾರ ಬೆಳಿಗ್ಗೇನೇ ಬಾ. ಮೊದಲ ಪಾಠ, ಚುಕ್ಕಿ ಇಡೋದ್ರಿಂದ ಮತ್ತೆ ಶುರು ಮಾಡೋಣ."

ಮಾವ ಮಸಿ ಮೆತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಇಪ್ಪತ್ತೆರಡು ವರ್ಷದ ಅಭ್ಯಾಸ. ಅಳಿಯ ಎದ್ದು ಹೋಗಿ ಒದ್ದೆ ಬಟ್ಟೆ ತಂದು ಕೊಟ್ಟ.