ಬಸ್ ಹತ್ತುವ ದಿನದ ಮಾತ್ರೆ

ಗುಟ್ಟನ್ನು ಮೊದಲು ಹೊರಗೆ ತೆಗೆದದ್ದು ಡಾಕ್ಟರೋ, ಪಕ್ಕದ ಹಾಸಿಗೆಯ ಹೆಂಗಸೋ, ನನಗೀಗ ಖಚಿತವಿಲ್ಲ. ಡಾಕ್ಟರ್ ಎಂದೇ ಬಹಳ ಜನಕ್ಕೆ ಹೇಳಿದ್ದೇನೆ. ಅತ್ತೆ ಮಾತ್ರ ಅಲ್ಲವೆನ್ನುತ್ತಾಳೆ.

ಅತ್ತೆ ನನ್ನ ತಂದೆಯ ತಂಗಿ, ಹಂಗಳದವಳು. ಅವಳ ಹೃದಯ ಸೋತಿತ್ತು. ಮೈಯಲ್ಲಿ ನೀರು ನಿಂತು ಕಾಲುಗಳು ಊದಿಕೊಳ್ಳುತ್ತಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಚಾಮರಾಜನಗರದ ಆಸ್ಪತ್ರೆಗೆ ಸೇರಿಸುವುದು, ಅವರು ನೀರಿಳಿಸಿ ಕಳಿಸುವುದು, ಕೆಲವು ವಾರಕ್ಕೆ ಮತ್ತೆ ಸೇರಿಸುವುದು. ಜೊತೆಗಿರುತ್ತಿದ್ದವನು ನಾನು.

ನಾನು ಚಿಕ್ಕವನಿದ್ದಾಗ ವಾರ್ಡಿನಲ್ಲಿ ಜ್ವರದವರು, ವಾಂತಿಭೇದಿಯವರು, ಹಾವು ಕಚ್ಚಿದವರು ಇರುತ್ತಿದ್ದರು. ಈಗ ಶುಗರ್, ಬಿಪಿ, ಕಿಡ್ನಿ, ದಮ್ಮು, ಹಾರ್ಟು. ಹಾಗನಿಸುವುದು ನಾನೇ ಆಗಾಗ ಅಲ್ಲಿಗೆ ಹೋದದ್ದರಿಂದಲೂ ಇರಬಹುದು. ಆದರೆ ಹೊಸಬರಿಗಿಂತ ಹಳೆಯ ಮುಖಗಳೇ ತಿರುತಿರುಗಿ ಬರುತ್ತಿದ್ದುದು ನಿಜ. ಅಡ್ಮಿಷನ್ನುಗಳ ಲೆಕ್ಕದಲ್ಲಿ ನಮ್ಮತ್ತೆಯೊಬ್ಬಳೇ ಹಲವು ರೋಗಿಗಳಾಗಿದ್ದಳು. ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದ ನಾನು, ಇದಕ್ಕೆಲ್ಲ ಅವಳು ದಿನಾ ಉಣ್ಣುವ ಉಪ್ಪುಸಾರೇ ಕಾರಣವೆಂದು ತೀರ್ಮಾನಿಸಿಬಿಟ್ಟಿದ್ದೆ.

ಆ ಸಲ ಅತ್ತೆಯ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅತ್ತೆ ಹೀಗೆ ಆಸ್ಪತ್ರೆ ಸೇರುತ್ತಲೇ ಇದ್ದರೆ ಬಾಣಂತನ ತಮ್ಮ ಮನೆಯಲ್ಲೇ ಆಗಲಿ ಎಂದು ಬೀಗರು ಹೇಳಿ ಕಳಿಸಿದ್ದರು. ಅತ್ತೆಗೆ ಅದು ಕಾಯಿಲೆಗಿಂತ ದೊಡ್ಡ ಸಂಕಟ; ಡಾಕ್ಟರ ಮುಂದೆಯೂ ಅದನ್ನೇ ತೋಡಿಕೊಂಡಿದ್ದಳು.

“ನೀರಿನ ಮಾತ್ರೆ ದಿನಾ ತಗೋತಿದ್ದೀರಾ?” ಎಂದು ಡಾಕ್ಟರ್ ಕೇಳಿದರು. ಅದನ್ನು ನುಂಗಿದರೆ ಮೈಯ ನೀರು ಇಳಿಯುತ್ತದೆ; ಆದರೆ ಘಳಿಗೆಗೊಮ್ಮೆ ಬಚ್ಚಲಿಗೆ ಓಡಬೇಕು.

“ತಕತೀನಿ ಕಣವ್ವ,” ಎಂದಳು ಅತ್ತೆ.

ಪಕ್ಕದ ಹಾಸಿಗೆಯಲ್ಲಿದ್ದ ಸಂತೆಮರಹಳ್ಳಿ ಕಡೆಯ ಹೆಂಗಸು ನಕ್ಕಳು. “ಬಸ್ ಅತ್ತೋ ದಿನ ಯಾರ್ ನುಂಗಾರು ಡಾಕ್ಟ್ರಮ್ಮ? ನಡುದಾರೀಲಿ ಎಲ್ಲಿಗ್ ಓಗನ? ಗಂಡಸ್ರಿಗಾದ್ರೆ ಬೇಲಿ ಅದೆ.”

“ನೀನೂ ಬುಟ್ಬುಡ್ತೀಯಾ?” ಎಂದಳು ಅತ್ತೆ.

“ನಂಗೇನ್ ಬ್ಯಾರೆ ಮೈ ಕೊಟ್ಟವ್ನಾ ದೇವ್ರು?”

ಅತ್ತೆಗೆ ಮದುವೆ, ತಿಥಿ, ಚೆಕಪ್ಪು, ಎಲ್ಲಕ್ಕೂ ಬಸ್ಸೇ. ನೆಂಟರ ಮನೆಯಲ್ಲಿ ಉಳಿದರೆ, ಸಂಕೋಚಕ್ಕೆ, ಅಲ್ಲಿದ್ದಷ್ಟು ದಿನವೂ ಮಾತ್ರೆ ಇಲ್ಲ. ಡಾಕ್ಟರ್ ಬೈಯಲಿಲ್ಲ. “ಇನ್ನು ಒಂದು ದಿನವೂ ಬಿಡಬೇಡಿ, ಬಾಣಂತನ ನೀವೇ ಮಾಡ್ತೀರಿ,” ಎಂದರು.

ಮುಂದಿನ ಚೆಕಪ್ಪಿಗೆ ಕಾರು ಮಾಡುತ್ತೇನೆಂದೆ. “ತಿಂಗ್ತಿಂಗ್ಳೂ ಮಾಡೀಯ? ಸುಮ್ನಿರ್ಲಾ,” ಎಂದು ನನ್ನೆದುರಿಗೇ ಮಾತ್ರೆ ನುಂಗಿ ಹೊರಟಳು. ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ ಹತ್ತಿದ ಮೇಲೆ ಕಂಡಕ್ಟರನ್ನು ಕರೆದಳು.

“ನೀರ್ ಮಾತ್ರೆ ನುಂಗಿವ್ನಿ ಕಣಪ್ಪ. ತೆರಕಣಾಂಬೀಲಿ ನಾ ಇಳ್ದು ಬರಗಂಟ ಬಸ್ ನಿಲ್ಸಿರು.”

“ನಿಂಗೊಬ್ಳಿಗೇ ನಿಲ್ಸಕಾಯ್ತದಾ ಅಜ್ಜಿ?”

“ನಿಲ್ಸ್ಬ್ಯಾಡ. ಸೀಟ್ ತೊಳ್ಯೋನು ನೀನೇ ತಾನೆ.”

ಬಸ್ಸೆಲ್ಲ ನಕ್ಕಿತು. ಗಂಡ ಬದುಕಿದ್ದಾಗ ಅವನ ಮುಂದೆಯೂ ಇಂಥ ಮಾತೆತ್ತದ ಹೆಂಗಸು ಅವಳು. ನಗುವವರನ್ನೆಲ್ಲ ನೋಡುತ್ತ, ತಾನೂ ಸ್ವಲ್ಪ ನಕ್ಕು, ಸೆರಗು ಸರಿಮಾಡಿಕೊಂಡು ಕುಳಿತಳು. ನನಗೆ ಆ ಧೈರ್ಯ ಬರುತ್ತಿರಲಿಲ್ಲ.

ತೆರಕಣಾಂಬಿಯಲ್ಲಿ ಬಸ್ ನಿಂತಿತು. ಅತ್ತೆ ಕಂಬಿ ಹಿಡಿದು ಇಳಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು, ಆಮೇಲೆ ಮತ್ತೊಬ್ಬಳು. ಹೆಂಗಸರ ಸೀಟುಗಳೆಲ್ಲ ಖಾಲಿಯಾದಂತೆ ನನ್ನ ನೆನಪಿನಲ್ಲಿದೆ. ಅಷ್ಟಾಗಿರಲಾರದು, ಮೆಚ್ಚಿಕೊಂಡದ್ದನ್ನು ಮನಸ್ಸು ದೊಡ್ಡದು ಮಾಡಿಡುತ್ತದೆ. ಕಂಡಕ್ಟರ್ ರಸ್ತೆಯ ಆ ಬದಿಗೆ ಮುಖ ತಿರುಗಿಸಿ ನಿಂತಿದ್ದ. ಕೊನೆಯವಳು ಹತ್ತುವ ತನಕ ವಿಸಿಲ್ ಊದಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ ನೋಡಿದರು. ಹಿಂದೆಲ್ಲ ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಈ ಸಲ ಅಷ್ಟಾಗಿ ಬೀಳಲಿಲ್ಲ. ಮನೆಗೆ ಹೋಗಿ ಎಂದರು.

ಆಮೇಲೆ ಮತ್ತೆ ಸೇರಿಸಿದ್ದು ಯಾವಾಗ ಎಂಬುದರಲ್ಲಿ ನನಗೂ ಅತ್ತೆಗೂ ಒಮ್ಮತವಿಲ್ಲ. ಒಂದನ್ನು ಮಾತ್ರ ಅವಳ ಮಗಳನ್ನೇ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಮಗುವಿಗೆ ಮೊದಲ ಎಣ್ಣೆನೀರು ಹಾಕಿದ್ದು ಹಂಗಳದ ಬಚ್ಚಲಲ್ಲಿ, ಹಾಕಿದವಳು ಅತ್ತೆ, ಮಗು ಮಲಗಿದ್ದು ಅವಳ ಚಾಚಿದ ಕಾಲುಗಳ ಮೇಲೆ.